ನೀಲಿ ದೀಪ ಮತ್ತು ಕೈ ಕ್ಲಚ್ಚು

ಕಂಪ್ಲಿಯ ಭತ್ತದ ವ್ಯಾಪಾರದಲ್ಲಿ ಗಂಗಾಂಬಿಕಾಳ ಮುಖ ನೋಡಿ ಮನಸ್ಸು ತಿಳಿದವರು ಯಾರೂ ಇರಲಿಲ್ಲ. ರೈತ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಳು ತೆಗೆದು ತೋರಿಸಿದರೆ ಅವಳು ಎರಡು ಕಾಳನ್ನು ಹಲ್ಲಿಗೆ ಕೊಟ್ಟು ಕಟಕ್ ಎನಿಸಿ, ಎಲ್ಲೋ ಮಿಲ್ಲಿನ ಚಿಮಣಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದಳು. ಮಾಲು ಹಿಡಿಸಿತೋ ಇಲ್ಲವೋ, ಕೊಳ್ಳುತ್ತಾಳೋ ಬಿಡುತ್ತಾಳೋ, ಯಾವುದೂ ಆ ಮುಖಕ್ಕೆ ಬರುತ್ತಿರಲಿಲ್ಲ. ಕೊನೆಗೆ ಎದುರಿಗಿದ್ದವನೇ ತಡೆಯಲಾರದೆ ಧಾರಣೆ ಇಳಿಸುತ್ತಿದ್ದ. ಅಪ್ಪ ಬಿಟ್ಟುಹೋದ ರೈಸ್ ಮಿಲ್ಲನ್ನು ಅವಳು ಇಷ್ಟು ವರ್ಷ ನಡೆಸಿಕೊಂಡು ಬಂದದ್ದರಲ್ಲಿ ಮುಕ್ಕಾಲು ಪಾಲು ಆ ಮುಖದ ದುಡಿಮೆ.

ಗಂಡ ಹಾಲೇಶ ಸಂಡೂರು ತಾಲ್ಲೂಕಿನ ಚೋರನೂರಿನವನು. ಮನೆ ಅಳಿಯನಾಗಿ ಬಂದವನು. ಮಿಲ್ಲಿನ ಒಳಗಿನದು ಹೆಂಡತಿಗೆ, ಹೊರಗಿನದು ತನಗೆ ಎಂದು ಮದುವೆಯಾದ ಹೊಸತರಲ್ಲೇ ಕೆಲಸ ಹಂಚಿಕೊಂಡಿದ್ದ. ಹೊರಗೆ ಏನು ಕೆಲಸ ಎಂದು ಅವಳೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ನೆಂಟರು ಬಂದರೆ ಹಂಪಿ ತೋರಿಸಿಕೊಂಡು ಬರುವುದು, ಪರಿಚಯದವರ ಮನೆಯ ಮದುವೆಗೆ ಮುಂಚಿತವಾಗಿ ಹೋಗಿ ಪೆಂಡಾಲು ಸರಿಯಾಗಿದೆಯೇ ಎಂದು ನೋಡುವುದು, ಇಂಥವನ್ನೆಲ್ಲ ಅವನು ಶ್ರದ್ಧೆಯಿಂದ ಮಾಡುತ್ತಿದ್ದ. ಮನಸ್ಸಿನಲ್ಲಿದ್ದದ್ದು ಮರುಕ್ಷಣ ಬಾಯಲ್ಲಿರುವ ಜಾತಿಯ ಮನುಷ್ಯ. ಹೊಳೆಯುವ ವಸ್ತು ಕಂಡರೆ ಮಾತ್ರ ಮಾತು ಮರೆತು ನಿಲ್ಲುತ್ತಿದ್ದ.

ಒಂದು ಮಳೆಗಾಲದಲ್ಲಿ ಗೋದಾಮಿನ ತಗಡು ಸೋರಿತು. ಹಮಾಲರನ್ನು ಹತ್ತಿಸಿದರೆ ಸರಿಯಾಗಿ ನೋಡುವುದಿಲ್ಲ ಎಂದು ಗಂಗಾಂಬಿಕಾ ತಾನೇ ಸೆರಗು ಸಿಕ್ಕಿಸಿ ಚೀಲದ ಅಟ್ಟಿ ಏರಿದಳು. ಸೋರುತ್ತಿದ್ದ ಜಾಗ ಸಿಕ್ಕಿತು. ಕಾಲಿಟ್ಟ ಚೀಲ ಜಾರಿತು. ಎಡ ಮೊಣಕಾಲು ಚೂರಾಯಿತು. ಹೊಸಪೇಟೆಯಲ್ಲಿ ಆಪರೇಷನ್ ಆಗಿ ಒಳಗೆ ರಾಡು ಕೂತಿತು. ಮನೆಗೆ ಕಳಿಸುವಾಗ ಡಾಕ್ಟರು, "ನಡೀಬಹುದು ಅಮ್ಮಾರ. ಆದ್ರ ಈ ಕಾಲಿಂದ ಕ್ಲಚ್ ಒತ್ತೋದು ಮಾತ್ರ ಇನ್ನ ಮರತುಬಿಡ್ರಿ," ಎಂದರು.

ಊರಿಗೆ ಅವಳು ಹೇಳಿದ್ದು ಬೇರೆ. "ಸಣ್ಣ ಮೊಣಕಾಲು ನೋವು. ಕಮ್ಮಿ ಆಗಾಕತ್ತೈತಿ." ತಾನು ಕುಂಟುವುದನ್ನು ಕಂಡರೆ ಎದುರಿನವರು ತನ್ನ ಮಾತನ್ನೂ ಕುಂಟು ಎಂದುಕೊಳ್ಳುತ್ತಾರೆ ಎನ್ನುವುದು ಅವಳ ಲೆಕ್ಕ. ಅದಕ್ಕೇ ಕುಂಟದಂತೆ ತೀರಾ ನಿಧಾನಕ್ಕೆ, ಒಂದೊಂದೇ ಹೆಜ್ಜೆ ತೂಗಿ ಇಡತೊಡಗಿದಳು. ಊರು ಅದನ್ನು ದೊಡ್ಡಸ್ತಿಕೆ ಎಂದುಕೊಂಡಿತು. ಅವಳು ತಿದ್ದಲು ಹೋಗಲಿಲ್ಲ.

ಕಷ್ಟ ಬಂದದ್ದು ಕಾರಿನದು. ಹಳ್ಳಿ ಹಳ್ಳಿ ಸುತ್ತಿ ಕಣದಲ್ಲೇ ಮಾಲು ನೋಡಿ ಮಾತಾಡುವುದು ಅವಳ ಪದ್ಧತಿ. ಒಬ್ಬ ಡ್ರೈವರನ್ನು ಇಟ್ಟುಕೊಂಡಳು. ಬೆಳಿಗ್ಗೆ ಕಾರಿನಲ್ಲಿ ಅವಳು ಫೋನಿನಲ್ಲಿ ಪಿಸುಗುಟ್ಟಿದ ಧಾರಣೆ ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರ ಬಾಯಲ್ಲಿತ್ತು. ಅವನನ್ನು ಬಿಡಿಸಿ ಗಂಡನನ್ನು ಕೂರಿಸಿಕೊಂಡಳು. ಹಾಲೇಶ ಕಾರು ಚೆನ್ನಾಗಿಯೇ ಓಡಿಸಿದ. ಆದರೆ ಇಳಿದ ಕೂಡಲೇ ರೈತನ ಹೆಗಲ ಮೇಲೆ ಕೈ ಹಾಕಿ, "ಏನ್ ಕಾಳ್ರಿ ಇವು, ಮುತ್ತು! ನಮಗ ಮಾಲು ಭಾಳ ಅರ್ಜೆಂಟ್ ಬೇಕಾಗೈತ್ರಿ," ಎಂದುಬಿಟ್ಟ. ಅವಳು ಚಿಮಣಿ ಇಲ್ಲದ ಆ ಕಣದಲ್ಲಿ ಆಕಾಶ ನೋಡುತ್ತಾ ನಿಂತಳು. ಆ ದಿನದ ವ್ಯಾಪಾರ ಹೇಗಾಯಿತು ಎನ್ನುವುದನ್ನು ಇಬ್ಬರೂ ಮನೆಯಲ್ಲಿ ಮಾತಾಡಲಿಲ್ಲ.

"ಗೇರ್ ಇಲ್ಲದ ಕಾರ್ ತಗೊಳ್ಳೂಣು. ಆಟೋಮ್ಯಾಟಿಕ್ಕು," ಎಂದ ಹಾಲೇಶ.

"ಚಲೋ ಕಾರ್ ಯಾಕ ಮಾರಿದ್ರಿ ಅಂತ ಊರು ಕೇಳ್ತೈತಿ. ಏನಂತ ಹೇಳ್ಲಿ?"

ಒಂದು ದಿನ ಅವಳು ಗಂಡನನ್ನು ಕರೆದುಕೊಂಡು ಹೊಸಪೇಟೆಯಲ್ಲಿ ಹೊನ್ನೂರುಸ್ವಾಮಿ ಎಂಬ ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಹೋದಳು. ಸೈನ್ಯದಲ್ಲಿ ಒಂದು ಕಾಲು ಕಳೆದುಕೊಂಡು ಬಂದವರೊಬ್ಬರಿಗೆ ಅವನು ಕೈಯಲ್ಲೇ ಕ್ಲಚ್ ಒತ್ತುವ ವ್ಯವಸ್ಥೆ ಮಾಡಿಕೊಟ್ಟಿದ್ದಾನೆ ಎಂದು ಆಸ್ಪತ್ರೆಯಲ್ಲಿ ಕೇಳಿದ್ದಳು. ಗೇರಿನ ಕೋಲಿಗೆ ಒಂದು ಸಣ್ಣ ಹಿಡಿ. ಅದನ್ನು ಬೆರಳಿನಿಂದ ಅದುಮಿದರೆ ಒಳಗಿನ ಮೋಟರು ರ್ರ್ ಎಂದು ಕ್ಲಚ್ ಪೆಡಲನ್ನು ಕೆಳಗೆಳೆಯುತ್ತದೆ, ಬಿಟ್ಟರೆ ಮೇಲೆ ಬಿಡುತ್ತದೆ. ಎಡಗಾಲಿಗೆ ಕೆಲಸವೇ ಇಲ್ಲ.

ಕೂರಿಸಿಕೊಟ್ಟ ಮೇಲೆ ಹೊನ್ನೂರುಸ್ವಾಮಿ ಕೈ ಒರೆಸಿಕೊಳ್ಳುತ್ತಾ, "ಇದನ್ನ ಆರ್‌ಟಿಒದಾಗ ಬರೆಸ್ಬೇಕ್ರಿ. ಇನ್ಶೂರೆನ್ಸ್‌ನೋರಿಗೂ ಒಂದ್ ಮಾತು ಹೇಳಿಬಿಡ್ರಿ," ಎಂದ.

"ಬರೆಸಿದ್ರ ಏನಂತ ಬರೀತಾರ?"

"ಅಂಗವಿಕಲರ ಗಾಡಿ ಅಂತನೋ ಏನೋ ಬರೀತಾರ್ರಿ."

"ಆಗ್ಲಿ," ಎಂದಳು ಗಂಗಾಂಬಿಕಾ. ರೈತರಿಗೆ ಅವಳು ಆಗ್ಲಿ ಎಂದರೆ ವ್ಯಾಪಾರ ಮುರಿಯಿತು ಎಂದೇ ಅರ್ಥ. ಪಾಪ, ಹೊನ್ನೂರುಸ್ವಾಮಿಗೆ ಅದು ಗೊತ್ತಿರಲಿಲ್ಲ.

ಕೆಲವು ದಿನ ಮುಂಜಾನೆ ಕಾಲುವೆ ದಂಡೆಯ ದಾರಿಯಲ್ಲಿ ಅಭ್ಯಾಸ ನಡೆಯಿತು. ಮೊದಮೊದಲು ಕಾರು ಮೇಕೆಯಂತೆ ಕುಪ್ಪಳಿಸಿತು. ಪಕ್ಕದಲ್ಲಿ ಕೂತ ಹಾಲೇಶ ಒಂದು ಕೈಯಲ್ಲಿ ಬಾಗಿಲಿನ ಹಿಡಿಕೆ, ಇನ್ನೊಂದರಲ್ಲಿ ಕೊರಳ ಲಿಂಗದ ಕರಡಿಗೆ ಹಿಡಿದು, ಕಾಲುವೆಯ ನೀರು ಎಷ್ಟು ಆಳವಿರಬಹುದು ಎಂದು ಯೋಚಿಸುತ್ತಿದ್ದ. ಆದರೆ ವಾರ ಕಳೆಯುವುದರಲ್ಲಿ ಅವಳ ಬೆರಳು ಕಾಲಿಗಿಂತ ಚುರುಕಾಯಿತು. ಹಿಡಿಯ ಮೇಲೆ ಒಂದು ಕ್ರೋಶಾದ ಕವರು ಹೆಣೆದು ತೊಡಿಸಿದಳು. ನೋಡಿದವರು ಅಲಂಕಾರ ಎಂದುಕೊಂಡರು. ವರ್ಷಕ್ಕೊಮ್ಮೆ ಪಾಲಿಸಿ ನವೀಕರಿಸಲು ಬರುತ್ತಿದ್ದ ಏಜೆಂಟ್ ಮಲ್ಲೇಶ, "ಗಾಡಿಗೆ ಏನರ ಹೊಸಾದು ಹಾಕ್ಸೀರೇನ್ರಿ ಅಮ್ಮಾರ?" ಎಂದು ವಾಡಿಕೆಯಂತೆ ಕೇಳಿದಾಗ, "ಏನಿಲ್ಲಪ್ಪ," ಎಂದಳು, ಚಿಮಣಿಯ ಕಡೆ ನೋಡುತ್ತಾ.

ಹೆಂಡತಿ ಒಂದು ಹಾಕಿಸಿಕೊಂಡಿದ್ದಾಳೆ, ಹಾಗಾದರೆ ತಾನೂ ಒಂದು ಹಾಕಿಸಬಹುದು ಎಂದು ಹಾಲೇಶನಿಗೆ ಧೈರ್ಯ ಬಂದದ್ದು ಆಗಲೇ. ಮೊದಲು ಚಕ್ರಗಳು ಬದಲಾದವು. ಕನ್ನಡಿಯಂತೆ ಹೊಳೆಯುವ ಅಲಾಯ್ ವ್ಹೀಲುಗಳು ಬಂದವು. ಅದರ ಹಿಂದೆಯೇ ಕಾರಿನ ಮಾಡಿನ ಮೇಲೆ ಬೆಳ್ಳಿ ಬಣ್ಣದ ಕ್ಯಾರಿಯರು. ಆಮೇಲೆ ಡಿಕ್ಕಿಯ ತುಂಬಾ ಒಂದು ಸ್ಪೀಕರು, ಅದನ್ನಿಟ್ಟ ಮೇಲೆ ಒಂದು ಚೀಲ ತರಕಾರಿಗೂ ಜಾಗ ಉಳಿಯಲಿಲ್ಲ. ಹಾರ್ನು ಬದಲಾಯಿತು, ಒತ್ತಿದರೆ ಮೊದಲು ಸನಾದಿ ಊದಿದಂತೆ ಶುರುವಾಗಿ ರೈಲು ಬಂದಂತೆ ಮುಗಿಯುತ್ತಿತ್ತು. ಕೊನೆಗೆ ಕಾರಿನ ಹೊಟ್ಟೆಯ ಕೆಳಗೆ ನೀಲಿ ದೀಪದ ಸಾಲು ಬಂತು. ಸಂಜೆ ಕಾರು ಊರೊಳಗೆ ಬಂದರೆ ನೆಲವೆಲ್ಲ ನೀಲಿ.

"ಏನ್ರೀ ಇದು, ಮದುವಿ ಮನಿ ಮಾಡೀರಲ್ಲ!" ಎಂದು ಗಂಗಾಂಬಿಕಾ ಹಣೆ ಚಚ್ಚಿಕೊಂಡಳು.

"ನಿನ್ನ ಹಿಡಿ ಬಗ್ಗಿ ನಾ ಯಾರಿಗೂ ಹೇಳೀನೇನು?" ಎಂದ ಹಾಲೇಶ.

ಬಾಯಿ ನಿಲ್ಲದ ಗಂಡ ಈ ಒಂದು ಮಾತನ್ನು ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆ ಎನ್ನುವುದು ನಿಜವೇ. ಅವಳು ಮತ್ತೆ ನೀಲಿ ದೀಪದ ಸುದ್ದಿಗೆ ಹೋಗಲಿಲ್ಲ.

ಕಬ್ಬು ಸಾಗಿಸುವ ಕಾಲ. ಗಂಗಾಂಬಿಕಾ ಗೊಬ್ಬರದಂಗಡಿಯ ಎದುರು ಕಾರು ನಿಲ್ಲಿಸಿ ಒಳಗೆ ಹೋಗಿ ಮಾತಾಡುತ್ತಿದ್ದಳು. ಎರಡು ಟ್ರೇಲರಿನ ತುಂಬಾ, ಮನೆ ಎತ್ತರಕ್ಕೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ತಿರುವಿನಲ್ಲಿ ಹೊರಳಿತು. ಹಿಂದಿನ ಟ್ರೇಲರಿನ ಹಗ್ಗ ಪಟ್ಟೆಂದು ಕಿತ್ತಿತು. ಕಬ್ಬಿನ ರಾಶಿ ಅವಸರವಿಲ್ಲದೆ, ಮಂಚದ ಮೇಲೆ ಒರಗಿದಂತೆ, ಕಾರಿನ ಮೇಲೆ ಒರಗಿತು. ಗಾಜು ಒಡೆದ ಸದ್ದಿಗೆ ಅವಳು ಹೊರಗೆ ಬಂದಾಗ ಕಾರಿದ್ದ ಜಾಗದಲ್ಲಿ ಒಂದು ಕಬ್ಬಿನ ಗುಡ್ಡ ಇತ್ತು. ಅದರೊಳಗಿಂದ ಹಾರ್ನು ತಾನಾಗಿ ಸನಾದಿ ಊದುತ್ತಿತ್ತು.

ಯಾರಿಗೂ ಪೆಟ್ಟಾಗಿರಲಿಲ್ಲ. ಜನ ಸೇರಿ ಕಬ್ಬು ಎಳೆದು ಸಹಾಯ ಮಾಡಿದರು. ಎಳೆದವರೆಲ್ಲ ಒಂದೊಂದು ಜಲ್ಲೆ ಕೈಯಲ್ಲಿ ಹಿಡಿದೇ ನಿಂತರು. ಕಾರು ಹೊರಗೆ ಬಂದಾಗ ಮಾಡು ತಗ್ಗಿತ್ತು, ಬಾನೆಟ್ಟು ಮಡಚಿತ್ತು, ಮುಂದಿನ ಗಾಜು ಪುಡಿಯಾಗಿತ್ತು, ಕ್ಯಾರಿಯರು ಹಪ್ಪಳವಾಗಿತ್ತು, ಒಂದು ಅಲಾಯ್ ವ್ಹೀಲು ಸೀಳಿತ್ತು. ಟ್ರ್ಯಾಕ್ಟರಿನ ಹುಲುಗಪ್ಪ ಸುಗ್ಗಿಯಲ್ಲಿ ಅವಳ ಮಿಲ್ಲಿಗೇ ಭತ್ತ ಹಾಕುವವನು. ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಂಡುತ್ತಾ ನಿಂತ. ಅವನನ್ನು ಸ್ಟೇಷನ್ನಿಗೆ ಎಳೆಯುವುದು ಅವಳಿಗೆ ಸರಿಬರಲಿಲ್ಲ. "ಹೋಗ್ಲಿ ಬಿಡು ಹುಲುಗಪ್ಪ. ಇನ್ಶೂರೆನ್ಸ್ ಐತಿ," ಎಂದಳು. ಹೇಳಿದ ಮೇಲೆ, ಆ ಕ್ರೋಶಾದ ಕವರಿನ ಕಡೆ ಅವಳ ಕಣ್ಣು ಹೋಯಿತು.

ಕಾರನ್ನು ಎಳೆದುಕೊಂಡು ಹೋಗಿ ಹೊಸಪೇಟೆಯ ದೊಡ್ಡ ಗ್ಯಾರೇಜಿಗೆ ಬಿಟ್ಟರು. ಕಂಪನಿಯ ಕಡೆಯಿಂದ ಸರ್ವೇಯರು ಬಂದು ನಷ್ಟ ನೋಡಿಕೊಂಡು ಹೋಗುವವರೆಗೆ ಒಂದು ಸ್ಕ್ರೂ ಸಹ ಬಿಚ್ಚುವಂತಿಲ್ಲ ಎಂದರು. ಹಿಡಿಯನ್ನು ಕಿತ್ತುಬಿಡೋಣ ಎಂದುಕೊಂಡು ಹೊನ್ನೂರುಸ್ವಾಮಿಗೆ ಫೋನ್ ಮಾಡಿದರೆ, ಅವನು ತಂಗಿಯ ಮನೆಯ ಕಾರ್ಯಕ್ಕೆ ವಡ್ಡು ಎಂಬ ಊರಿಗೆ ಹೋಗಿದ್ದ. ಅಲ್ಲದೆ ಅವನು, "ಅದನ್ನ ತಗದ್ರ ಇನ್ನಾ ತಪ್ಪಾಗ್ತೈತ್ರಿ ಅಮ್ಮಾರ, ನಾ ಮಾತ್ರ ಬರಂಗಿಲ್ಲ," ಎಂದು ಫೋನಿಟ್ಟ.

ಸರ್ವೇಯರು ಎಂದರೆ ಕನ್ನಡಕದ ಹಿರಿಯ ಮನುಷ್ಯ ಬರುತ್ತಾನೆ, ಚಹಾ ಕುಡಿಸಿ ಮಾತಿಗೆ ಕೂರಿಸಬಹುದು ಎಂದು ಗಂಗಾಂಬಿಕಾ ಅಂದುಕೊಂಡಿದ್ದಳು. ಬಂದವಳು ಸ್ಫೂರ್ತಿ. ಸ್ಕೂಟರಿನಿಂದ ಇಳಿದು ಹೆಲ್ಮೆಟ್ಟು ತೆಗೆದು, ಜಡೆ ಹಿಂದೆ ಹಾಕಿಕೊಂಡು, ನಗುತ್ತಾ ಕೈ ಮುಗಿದಳು. ಚಹಾ ಬೇಡ ಎಂದಳು. ಕಾರಿನ ಸುತ್ತ ಒಂದು ಸುತ್ತು ಬಂದು ಫೋಟೋ ಹೊಡೆದುಕೊಂಡಳು. ಹೊಡೆಯುತ್ತಾ ಹೊಡೆಯುತ್ತಾ ಅವಳ ಹುಬ್ಬು ಸ್ವಲ್ಪ ಸ್ವಲ್ಪವೇ ಮೇಲೇರಿತು.

"ಮೇಡಂ, ಈ ವ್ಹೀಲು ಕಾರಿನ ಜೊತಿಗೆ ಬಂದದ್ದಲ್ಲ, ಹೌದಲ್ರಿ?"

ಹಾಲೇಶ ಬಾಯಿ ತೆರೆದ. ಅವನು ತೆರೆದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗಂಗಾಂಬಿಕಾಗೆ ಗೊತ್ತಿತ್ತು. ವ್ಯಾಪಾರದಲ್ಲಿ ಕೆಟ್ಟ ಚೀಲದ ಮೇಲೆ ಗಿರಾಕಿಯ ಕಣ್ಣು ಬೀಳಬಾರದೆಂದರೆ ಪಕ್ಕದ ಚೀಲದ ಬಗ್ಗೆಯೇ ಮಾತಾಡುತ್ತಿರಬೇಕು. ಅವಳು ಮುಂದೆ ಬಂದಳು.

"ಅಲ್ಲವ್ವಾ. ನಾನಾ ಹಾಕ್ಸೀನಿ."

"ಮ್ಯಾಲಿನ ಕ್ಯಾರಿಯರ್?"

"ಅದೂ ನಂದಾ."

"ಡಿಕ್ಕಿಯೊಳಗಿನ ಸ್ಪೀಕರ್?"

"ಹಾಡು ಜೋರಾಗಿ ಇದ್ರನಾ ನನಗ ಕೇಳ್ದಂಗ ಆಗೋದು."

ಸ್ಫೂರ್ತಿ ಬಗ್ಗಿ ಕಾರಿನ ಕೆಳಗೆ ನೋಡಿ ಎದ್ದಳು. ಐವತ್ತಾರು ವರ್ಷ ವಯಸ್ಸಿನ, ಇಳಕಲ್ ಸೀರೆ ಉಟ್ಟ, ಹಣೆಯ ತುಂಬಾ ವಿಭೂತಿಯ ಈ ಹೆಂಗಸನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. "ಈ ನೀಲಿ ಲೈಟೂ…?"

ಗಂಗಾಂಬಿಕಾ ಉಸಿರೆಳೆದುಕೊಂಡಳು. "ನೀಲಿ ಅಂದ್ರ ನನಗ ಭಾಳ ಇಷ್ಟ," ಎಂದಳು.

ಗ್ಯಾರೇಜಿನವರು ಪಾನಾ ಹಿಡಿದ ಕೈ ನಿಲ್ಲಿಸಿ ಈ ಕಡೆ ನೋಡಿದರು. ಹಾಲೇಶನಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಮಮತೆ ಉಕ್ಕಿ ಬಂತು.

"ಹಾರ್ನೂ ಬದಲಿ ಮಾಡ್ಸಿದ್ದೇನ್ರಿ? ಒಂದ್ಸಲ ಹೊಡ್ದು ನೋಡ್ತೀನಿ," ಎಂದು ಸ್ಫೂರ್ತಿ ಬಾಗಿಲು ತೆಗೆದು ಗಾಜಿನ ಚೂರು ಕೊಡವಿ ಡ್ರೈವರಿನ ಸೀಟಿನಲ್ಲಿ ಕೂತಳು. ಕೀಲಿ ತಿರುಗಿಸಿ ಹಾರ್ನು ಒತ್ತಿದಳು. ಸನಾದಿ ಶುರುವಾಯಿತು. ನಗು ತಡೆಯಲಾರದೆ ಅವಳು ಆಸರೆಗೆ ಎಡಗೈಯನ್ನು ಗೇರಿನ ಮೇಲಿಟ್ಟಳು. ರ್ರ್ ಎಂದಿತು. ಕಾಲ ಬಳಿ ಏನೋ ಅಲುಗಾಡಿದಂತಾಗಿ ಬಗ್ಗಿ ನೋಡಿದರೆ, ಯಾರ ಕಾಲೂ ಇಲ್ಲದೆ ಕ್ಲಚ್ ಪೆಡಲು ಕೆಳಗಿಳಿಯುತ್ತಿತ್ತು. ಕೈ ತೆಗೆದಳು, ಮೇಲೆ ಬಂತು. ಇಟ್ಟಳು, ಇಳಿಯಿತು. ರೈಲು ಬಂದು ಹಾರ್ನು ಮುಗಿಯಿತು.

"ಮೇಡಂ, ಇದೇನ್ರಿ? ತಾನಾ ಒತ್ತಿಕೊಳ್ಳಾಕತ್ತೈತಲ್ಲ!"

ಎಷ್ಟೋ ರೈತರ, ದಲ್ಲಾಳಿಗಳ ಮುಂದೆ ಕದಲದ ಮುಖ ಅಲ್ಲಿ ಕದಲಿತು. ಆಗ ಹಾಲೇಶ ಗಂಟಲು ಸರಿಮಾಡಿಕೊಂಡ.

"ಅದು ನಂದವ್ವಾ," ಎಂದ. "ನನ್ನ ಕಾಲು ಸರಿ ಇಲ್ಲ." ಹಾಗೆ ಹೇಳಿ, ಸಾಕ್ಷಿಗೆ ನಾಲ್ಕು ಹೆಜ್ಜೆ ಕುಂಟಿ ತೋರಿಸಿದ. ಆ ಕುಂಟು ಎಷ್ಟು ಜೋರಾಗಿತ್ತೆಂದರೆ, ಅಂಥ ಕಾಲಿಟ್ಟುಕೊಂಡು ಮನುಷ್ಯ ಹೊಸಪೇಟೆಗೆ ಹೇಗೆ ಬಂದ ಎಂದು ಯಾರಾದರೂ ಕೇಳಬೇಕಿತ್ತು.

ಸ್ಫೂರ್ತಿ ಮೆಲ್ಲಗೆ ಹೇಳಿದಳು. "ಸರ್, ಕ್ಲಚ್ಚು ಒತ್ತೋದು ಎಡಗಾಲಿಂದ್ರಿ. ನೀವು ಬಲಗಾಲು ಕುಂಟಾಕತ್ತೀರಿ."

ಹಾಲೇಶ ನಿಂತ. ಒಂದು ಗಳಿಗೆ ಯೋಚಿಸಿ, ಎಡಗಾಲಿನಿಂದ ಕುಂಟುತ್ತಾ ವಾಪಸ್ ಬಂದ.

ಮೊದಲು ನಕ್ಕವಳು ಗಂಗಾಂಬಿಕಾ. ಬಾಯಿಗೆ ಸೆರಗು ಹಿಡಿದರೂ ನಿಲ್ಲಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅದು ನಗುವಿನದ್ದೇ ಎಂದು ಖಚಿತವಾಗಿ ಹೇಳಲಾಗದು. ತಾನು ಎರಡು ವರ್ಷ ಊರಿಗೆಲ್ಲ ಮುಚ್ಚಿಟ್ಟ ಕುಂಟನ್ನು ಈ ಮನುಷ್ಯ ತುಂಬಿದ ಗ್ಯಾರೇಜಿನಲ್ಲಿ ತನ್ನದು ಎಂದು ಹೊತ್ತುಕೊಂಡಿದ್ದ. ಅದೂ ಎರಡೂ ಕಾಲಿಗೆ.

"ಸಾಕ್ರಿ, ನಿಂದರ್ರಿ," ಎಂದಳು ಗಂಡನಿಗೆ. ಆಮೇಲೆ ಸ್ಫೂರ್ತಿಯ ಕಡೆ ತಿರುಗಿ, "ಕಾಲು ನಂದವ್ವಾ. ಒಳಗ ರಾಡ್ ಐತಿ. ಆ ಹಿಡಿ ನಾ ಹಾಕ್ಸಿದ್ದು. ಯಾರಿಗೂ ಹೇಳಿಲ್ಲ," ಎಂದಳು. "ನೀಲಿ ಲೈಟು ಅವರದ್ದು," ಎಂದೂ ಸೇರಿಸಿದಳು. ಆದರೆ ಅಷ್ಟರಲ್ಲಿ ಎಲ್ಲರೂ ನಗುತ್ತಿದ್ದುದರಿಂದ ಆ ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಸ್ಫೂರ್ತಿ ಒಂದು ಸ್ಟೂಲು ಎಳೆದು ಅವಳನ್ನು ಕೂರಿಸಿದಳು. ತಾನು ಎದುರಿಗೆ ಟೈರಿನ ಮೇಲೆ ಕೂತಳು. ಈಗ ಮೇಡಂ ಹೋಗಿ ಅಮ್ಮ ಬಂತು.

"ನೋಡ್ರಮ್ಮ, ಕಾರಿನ ಜೊತಿಗೆ ಏನೇನ್ ಬಂದಿತ್ತೋ, ಬಾನೆಟ್ಟು, ಗಾಜು, ಮಾಡು, ಅವೆಲ್ಲ ಪಾಲಿಸಿಯೊಳಗ ಬರ್ತಾವ. ಹೊರಗಿಂದ ಹಾಕ್ಸಿದ್ದನ್ನ ಮೊದಲಾ ಹೇಳ್ಬೇಕ್ರಿ. ಹೇಳಿದ್ರ ಕರೆಂಟಿನವು ಬ್ಯಾರೆ, ಉಳಿದವು ಬ್ಯಾರೆ ಮಾಡಿ ಬೆಲಿ ಬರ್ಕೊಂಡು, ಪ್ರೀಮಿಯಂ ಒಂಚೂರು ಜಾಸ್ತಿ ತಗೋತಾರ. ಹೇಳ್ಲಿಲ್ಲ ಅಂದ್ರ ಕಂಪನಿ ಲೆಕ್ಕದಾಗ ನಿಮ್ಮ ಕಾರಿಗೆ ಈ ವ್ಹೀಲು, ಕ್ಯಾರಿಯರು ಇಲ್ಲಾ ಇಲ್ಲ."

"ಕಣ್ಣಿಗೆ ಕಾಣಾಕತ್ತಾವಲ್ಲವ್ವಾ!" ಎಂದ ಹಾಲೇಶ ಸಂಕಟದಿಂದ.

"ಕಾಣ್ತಾವ್ರಿ ಸರ್. ಆದ್ರ ಇಲ್ಲ. ಮತ್ತ ಆ ಹಾರ್ನು, ಕೆಳಗಿನ ಲೈಟು, ಅವನ್ನ ಹೇಳಿದ್ರೂ ಯಾರೂ ಒಪ್ಪಂಗಿಲ್ಲ. ಪೊಲೀಸ್ರು ಹಿಡಿಲಿಲ್ಲ ಅನ್ನೋದಾ ನಿಮ್ಮ ಪುಣ್ಯ."

"ಮತ್ತ ಹಿಡಿ?" ಎಂದಳು ಗಂಗಾಂಬಿಕಾ.

ಸ್ಫೂರ್ತಿ ಈ ಬಾರಿ ನಗಲಿಲ್ಲ. "ಅದು ಅಲಂಕಾರ ಅಲ್ರಮ್ಮ. ಗಾಡಿ ಓಡಿಸೋ ರೀತಿನಾ ಬದಲಾಗೈತಿ. ಆರ್‌ಟಿಒಗೂ ಕಂಪನಿಗೂ ಹೇಳ್ಲೇಬೇಕಿತ್ತು. ಅದರಿಂದಾನಾ ಆಕ್ಸಿಡೆಂಟ್ ಆಗಿದ್ರ ಕಂಪನಿ ಒಂದು ಬಿಡಿಗಾಸೂ ಕೊಡಂಗಿಲ್ಲ ಅಂತಿತ್ತೇನೋ. ನಿಮ್ಮ ಗಾಡಿ ಸುಮ್ನ ನಿಂತಿತ್ತು, ಒಳಗ ಯಾರೂ ಇರ್ಲಿಲ್ಲ, ಮ್ಯಾಲೆ ಕಬ್ಬು ಬಿತ್ತು. ಹಿಡಿಗೂ ಕಬ್ಬಿಗೂ ಸಂಬಂಧ ಇಲ್ಲ ಅಂತ ನಾ ಬರೀತೀನಿ. ಆದ್ರ ಹಿಡಿ ಇಲ್ಲ ಅಂತ ಬರೀಲಾರೆ. ಮುಂದಿಂದು ಆಫೀಸಿನೋರ ಕೈಯಾಗೈತಿ."

"ಇರೋದನ್ನ ಬರಿ," ಎಂದಳು ಗಂಗಾಂಬಿಕಾ. ಹೇಳುವಾಗ ಬೆನ್ನು ನೆಟ್ಟಗಾಗಿತ್ತು.

ಆಫೀಸಿನಿಂದ ಕರೆ ಬರಲು ತಡವಾಯಿತು. ಆ ದಿನಗಳಲ್ಲಿ ಅವಳು ಮಿಲ್ಲಿನಲ್ಲಿ ಎಲ್ಲರ ಮುಖ ಓದಲು ನೋಡುತ್ತಿದ್ದಳು. ಗ್ಯಾರೇಜಿನಲ್ಲಿ ಕಂಪ್ಲಿಯ ಕಡೆಯವರೂ ಇದ್ದರು. ಸುದ್ದಿ ಬಂದೇ ಬರುತ್ತದೆ, ಕುಂಟಿ ಎನ್ನುತ್ತಾರೆ, ಧಾರಣೆ ಏರಿಸುತ್ತಾರೆ ಎಂದು ಕಾದಳು. ಸುದ್ದಿ ಬಂತು. ಹುಲುಗಪ್ಪನೇ ತಂದ. ತಪ್ಪು ಕಾಣಿಕೆ ಎನ್ನುವಂತೆ ಒಂದು ಪೊಟ್ಟಣ ಅವಳ ಮುಂದಿಟ್ಟ. ಬಿಚ್ಚಿದರೆ ಒಳಗೆ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಡುವ, ಬಣ್ಣ ಬದಲಾಯಿಸುತ್ತಾ ಮಿನುಗುವ ಒಂದು ಗಾಜಿನ ನವಿಲು.

"ನಿಮಗ ಲೈಟು ಅಂದ್ರ ಭಾಳ ಆಸಿ ಅಂತ ಗೊತ್ತಿರ್ಲಿಲ್ರಿ ಅಮ್ಮಾರ," ಎಂದ. "ಊರೆಲ್ಲ ಮಾತಾಡಾಕತ್ತಾರ."

ಊರು ಮಾತಾಡುತ್ತಿದ್ದದ್ದು ಅದನ್ನೇ. ಮೊಣಕಾಲಿನ ವಿಷಯವೂ ಗ್ಯಾರೇಜಿನಿಂದ ಬಂದಿತ್ತು. ಆದರೆ ಮೊಣಕಾಲು ಯಾರ ಮನೆಯಲ್ಲಿ ನೋಯುವುದಿಲ್ಲ? ಅದರಲ್ಲಿ ಜನರಿಗೆ ಯಾವ ರುಚಿಯೂ ಹುಟ್ಟಿರಲಿಲ್ಲ. ನೀಲಿ ದೀಪ, ಸನಾದಿ ಹಾರ್ನು, ಜೋರು ಹಾಡು, ಇವೆಲ್ಲ ಮಿಲ್ಲಿನ ಗಂಗಾಂಬಿಕಮ್ಮನ ಸ್ವಂತ ಶೋಕಿ ಎನ್ನುವುದು ಮಾತ್ರ ಕಂಪ್ಲಿಗೆ ಹಬ್ಬವಾಗಿತ್ತು. ಹಾಲೇಶ ಬೇಕೆಂದೇ ಯಾರನ್ನೂ ತಿದ್ದಲಿಲ್ಲ.

ಹೊಸಪೇಟೆಯ ಆಫೀಸಿನ ಅಧಿಕಾರಿ ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಎರಡು ವರ್ಷ ಪಾಲಿಸಿ ನವೀಕರಿಸಿದ್ದೀರಿ. ಪ್ರತಿ ಸಲ ಏನೂ ಬದಲಾವಣೆ ಇಲ್ಲ ಅಂದಿದ್ದೀರಿ. ಯಾಕೆ ಹೇಳಲಿಲ್ಲ?"

ಅವಳು ಬೇಕಾದಷ್ಟು ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು. ಗೊತ್ತಿರಲಿಲ್ಲ, ಮರೆತೆ, ಏಜೆಂಟು ಕೇಳಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ. "ನಾಚಿಕಿ ಆತ್ರಿ ಸಾರ್," ಎಂದಳು. ಹೇಳಿ ಗೋಡೆಯ ಕಡೆ ನೋಡಿದಳು. ಅಲ್ಲಿ ಯಾವ ಚಿಮಣಿಯೂ ಇರಲಿಲ್ಲ, ಕಂಪನಿಯ ಕ್ಯಾಲೆಂಡರು ಮಾತ್ರ ಇತ್ತು.

ಅಧಿಕಾರಿ ಬಹಳ ಹೊತ್ತು ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡಿದ. ಕೊನೆಗೆ ಬಂದ ತೀರ್ಮಾನ ಸ್ಫೂರ್ತಿ ಹೇಳಿದಂತೆಯೇ ಇತ್ತು. ಕಾರಿನ ಮೈಗಾದ ನಷ್ಟಕ್ಕೆ, ಭಾಗಗಳು ಹಳತಾದ ಲೆಕ್ಕ ಕಳೆದು, ಕಂಪನಿ ಹಣ ಕೊಟ್ಟಿತು. ಹಾಲೇಶನ ಅಲಂಕಾರಕ್ಕೆ ಏನೂ ಬರಲಿಲ್ಲ. ಹಿಡಿಯನ್ನು ಮಾತ್ರ ಕ್ರಮವಾಗಿ ದಾಖಲು ಮಾಡಿಸದೆ ಮುಂದಿನ ವರ್ಷದ ಪಾಲಿಸಿ ಇಲ್ಲ ಎಂದು ಖಡಕ್ಕಾಗಿ ಹೇಳಿತು.

ಡಾಕ್ಟರ ಸರ್ಟಿಫಿಕೇಟು, ಹೊನ್ನೂರುಸ್ವಾಮಿಯ ರಸೀದಿ, ಎಲ್ಲ ಹಿಡಿದು ಅವಳು ಆರ್‌ಟಿಒ ಕಚೇರಿಗೆ ಹೋದಳು. ಅಲ್ಲಿ ಮತ್ತೆ ಓಡಿಸಿ ತೋರಿಸಬೇಕಾಯಿತು. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು, ಹಿಂದಕ್ಕೆ, ಏರಿಗೆ, ಎಂಟರ ಆಕಾರಕ್ಕೆ ಓಡಿಸಲು ಹೇಳಿದ. ಇಳಿಯುವಾಗ, "ಎರಡು ಕಾಲು ಚಲೋ ಇದ್ದೋರು ಹಿಂಗ ಓಡಿಸಿದ್ರ ನನ್ನ ಕೆಲಸ ಹಗುರಾಗ್ತಿತ್ತು," ಎಂದು ಸಹಿ ಹಾಕಿದ. ಗಾಡಿಯ ಆರ್‌ಸಿ ಪುಸ್ತಕದಲ್ಲಿ ಅವಳು ಎರಡು ವರ್ಷ ಹೆದರಿದ್ದ ಅಂಗವಿಕಲ ಎಂಬ ಮಾತು ಬರಲಿಲ್ಲ. ವಾಹನವನ್ನು ಚಾಲಕರ ಅನುಕೂಲಕ್ಕೆ ಮಾರ್ಪಡಿಸಲಾಗಿದೆ ಎಂದಷ್ಟೇ ಬಂತು.

ಪಾಲಿಸಿಯ ಕಾಲ ಬಂದಾಗ ಏಜೆಂಟ್ ಮಲ್ಲೇಶ ಮಿಲ್ಲಿಗೆ ಬಂದು ಪುಸ್ತಕ ನೋಡಿ ಮುಖ ಅರಳಿಸಿದ. "ಅಮ್ಮಾರ, ಇಂಥ ಗಾಡಿಗೆ ಪ್ರೀಮಿಯಂದಾಗ ರಿಯಾಯಿತಿ ಐತ್ರಿ! ಮೊದಲಾ ಹೇಳಿದ್ರ ಎರಡು ವರ್ಷದಿಂದ ಕಮ್ಮಿ ಕಟ್ಟಬಹುದಿತ್ತು."

ಗಂಗಾಂಬಿಕಾಳ ಮುಖ ಕೆಂಪಾಯಿತು. "ರಿಯಾಯಿತಿ ಯಾಕ?"

"ಯಾಕಂದ್ರ… ನಿಮ್ಮಂಥೋರಿಗೆ…"

"ನನ್ನಂಥೋರು ಅಂದ್ರ? ನಾನೇನು ಅರ್ಧ ರೋಡ್ ಓಡಿಸ್ತೀನೇನು? ಪೂರ್ತಿ ತಗೋ."

"ಪೂರ್ತಿ ತಗೊಳ್ಳಾಕ ಬರಂಗಿಲ್ರಿ ಅಮ್ಮಾರ, ಕಂಪ್ಯೂಟರ್ ತಗೊಳ್ಳಂಗಿಲ್ಲ!"

ಒಂದು ಕಾಳಿಗೂ ಚೌಕಾಸಿ ಮಾಡುವ ಹೆಂಗಸು ಜಾಸ್ತಿ ಕೊಡುತ್ತೇನೆಂದು ಜಗಳ ಮಾಡುವುದನ್ನು ನೋಡಲು ಹಮಾಲರು ಚೀಲ ಕೆಳಗಿಟ್ಟು ನಿಂತರು. ಮಲ್ಲೇಶ ಬೇಡಿಕೊಂಡ, ಅವಳು ಜಗ್ಗಲಿಲ್ಲ. ಅವನು ಚಹಾ ಕುಡಿದ, ಮತ್ತೆ ಬೇಡಿಕೊಂಡ. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಚೌಕಾಸಿಯಲ್ಲಿ ಸೋತಳು. ಕಮ್ಮಿಯೇ ಕಟ್ಟಬೇಕಾಯಿತು.

"ಉಳಿದದ್ದರಾಗ ಹೊಸ ಅಲಾಯ್ ವ್ಹೀಲ್ ಹಾಕ್ಸಿ, ಅವನ್ನೂ ಪಾಲಿಸಿಯೊಳಗ ಬರೆಸಿಬಿಡೂಣೇನು?" ಎಂದ ಹಾಲೇಶ ಬಾಗಿಲಿನ ಹತ್ತಿರದಿಂದ.

ಅವಳು ಅವನನ್ನು ನೋಡಿದಳು. "ವ್ಹೀಲ್ ಹಾಕಿಸ್ಕೋರಿ," ಎಂದಳು. "ಹಾರ್ನ್ ಬ್ಯಾಡ."

ಆ ತಿಂಗಳೇ ಚೋರನೂರಿನಲ್ಲಿ ಹಾಲೇಶನ ಅಣ್ಣನ ಮನೆಯ ಗೃಹಪ್ರವೇಶ. ಅದಿರಿನ ಲಾರಿಗಳ ಹಿಂದೆ ಕೆಂಪು ದೂಳು ಕುಡಿಯುತ್ತಾ ಅವಳೇ ಓಡಿಸಿಕೊಂಡು ಹೋದಳು. ಸಂಡೂರಿನಲ್ಲಿ ಚಹಾಕ್ಕೆ ನಿಲ್ಲಿಸಿದರು. ಹೋಟೆಲಿನ ಮೆಟ್ಟಿಲು ಎತ್ತರವಿತ್ತು. ಅವಳು ಗಂಡನ ಹೆಗಲ ಮೇಲೆ ಕೈಯಿಟ್ಟು ಹತ್ತಿದಳು. ಮುಂದಿನ ಟ್ರಿಪ್ಪಿಗೆ ಕಾಯುತ್ತಿದ್ದ ಲಾರಿ ಡ್ರೈವರೊಬ್ಬ ಬೆಂಚಿನಲ್ಲಿ ಜಾಗ ಬಿಡುತ್ತಾ, "ಕಾಲಿಗೇನಾತ್ರಿ ಯಕ್ಕಾ?" ಎಂದ.

ಗಂಗಾಂಬಿಕಾ ಕೂತಳು, ಸೆರಗು ಸರಿಮಾಡಿಕೊಂಡಳು. "ಅದೊಂದು ದೊಡ್ಡ ಕಥಿ," ಎಂದು ಶುರುಮಾಡಿದಳು. ಹಾಲೇಶ ಈ ಕಥೆಯನ್ನು ಆ ವಾರದಲ್ಲೇ ಎಷ್ಟೋ ಸಲ ಕೇಳಿದ್ದ. ಮೊದಲ ಸಲ ಅವಳು ಬಿದ್ದದ್ದು ಆಳೆತ್ತರದ ಅಟ್ಟಿಯಿಂದ. ಈಗ ಅಟ್ಟಿ ತಗಡು ಮುಟ್ಟಿತ್ತು, ಹೊರಗೆ ಗುಡುಗು ಸೇರಿತ್ತು, ಬಿದ್ದ ಮೇಲೂ ಅವಳು ಮಲಗಿದಲ್ಲಿಂದಲೇ ಹಮಾಲರಿಗೆ ಚೀಲ ಜೋಡಿಸುವುದನ್ನು ಹೇಳಿಕೊಡುತ್ತಿದ್ದಳು. ಲಾರಿ ಡ್ರೈವರು ಬಾಯಿ ತೆರೆದು ಕೇಳುತ್ತಿದ್ದ. ಹಾಲೇಶ ಹೆಂಡತಿಯ ಚಹಾ ಆರುವುದನ್ನು ನೋಡಿ ಇನ್ನೊಂದು ಚಹಾ ತರಲು ಹೇಳಿದ.